ಮದರಾಸಿನ ಅಂಗಳದಲ್ಲಿ ಪ್ರಸನ್ನ

ಬೆಂಗಳೂರಿನ ರೈಲಿನಿಂದ ಚೆನ್ನೈ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು ಹೊರಬಂದವರಿಗೆ ರಿಪ್ಪನ್ ಕಟ್ಟಡದ ಹಿಂಬದಿಯಲ್ಲಿ ಜವಾಹರಲಾಲ್ ನೆಹರೂ ಕ್ರೀಡಾಂಗಣ ಎದುರಾಗುತ್ತದೆ. ಕಾಲ್ಚೆಂಡಾಟಕ್ಕೂ ಓಟದ ಸ್ಪರ್ಧೆಗಳಿಗೂ ಮೀಸಲಾದ ಈ ಅಂಗಳದಲ್ಲಿ ಒಂದು ಕಾಲಕ್ಕೆ ಟೆಸ್ಟ್ ಕ್ರಿಕೆಟ್ ನಡೆಯುತ್ತಿತ್ತೆಂಬುದು ನಮ್ಮ ಕಿರಿಯರಲ್ಲಿ ಹೆಚ್ಚಿನವರಿಗೆ ತಿಳಿಯದು. ಅಂದು ಅದರ ಹೆಸರು ಕಾರ್ಪೊರೇಷನ್ ಕ್ರೀಡಾಂಗಣ. 1956ರ ಜನವರಿಯಲ್ಲಿ ವಿನೂ ಮಂಕಡ್ ಮತ್ತು ಪಂಕಜ್ ರಾಯ್ ನ್ಯೂಜಿಲೆಂಡ್ ವಿರುದ್ಧ ಮೊದಲ ವಿಕೆಟ್ಟಿಗೆ 413 ರನ್ನುಗಳ ಜೊತೆಯಾಟವಾಡಿದ್ದು ಇಲ್ಲಿಯೇ. ಅದಾದ ಆರು ವರ್ಷಗಳಿಗೆ, 1962ರ ಜನವರಿ 10ರಂದು, ಇದೇ ಅಂಗಳದಲ್ಲಿ ಇಂಗ್ಲೆಂಡಿನ ವಿರುದ್ಧ ಐದನೆಯ ಟೆಸ್ಟ್ ಆರಂಭವಾದಾಗ ಭಾರತ ತಂಡದಲ್ಲಿ ಇಪ್ಪತ್ತೊಂದು ವರ್ಷದ ಕನ್ನಡಿಗ ಯುವಕನೊಬ್ಬನಿದ್ದ. ಕುಳ್ಳಗಿನ ಮೈಕಟ್ಟು, ಸಣ್ಣ ಓಟ, ಕೈಯಲ್ಲಿ ಆಫ್ ಸ್ಪಿನ್. ವೃತ್ತಿಯಿಂದ ಆತನಿನ್ನೂ ಇಂಜಿನಿಯರಿಂಗ್ ವಿದ್ಯಾರ್ಥಿ. ಹೆಸರು ಎರಪಳ್ಳಿ ಅನಂತರಾವ್ ಶ್ರೀನಿವಾಸ್ ಪ್ರಸನ್ನ.

ಪ್ರಸನ್ನರನ್ನು ನೆನೆಯುವಾಗ ನಾವು ಸಹಜವಾಗಿಯೇ ಬೆಂಗಳೂರನ್ನು ನೆನೆಯುತ್ತೇವೆ. ಹುಟ್ಟಿದ್ದು ಅಲ್ಲಿ, ಆಟ ಕಲಿತದ್ದು ಅಲ್ಲಿ, ನಾಯಕರಾಗಿ ರಾಜ್ಯಕ್ಕೆ ಕೀರ್ತಿ ತಂದದ್ದೂ ಅಲ್ಲಿಂದಲೇ. ಆದರೆ ಅವರ ಟೆಸ್ಟ್ ಜೀವನದ ಪುಟಗಳನ್ನು ತಿರುವಿ ಹಾಕಿದರೆ ಒಂದು ವಿಶೇಷ ಗೋಚರಿಸುತ್ತದೆ. ಅವರು ಟೆಸ್ಟ್ ಆಟಕ್ಕೆ ಕಾಲಿಟ್ಟದ್ದು ಮದರಾಸಿನಲ್ಲಿ, ಬಿಟ್ಟುಹೋದವರು ಮರಳಿ ಬಂದದ್ದು ಮದರಾಸಿನಲ್ಲಿ, ಒಂದೇ ಪಂದ್ಯದಲ್ಲಿ ಮೊದಲ ಬಾರಿಗೆ ಹತ್ತು ವಿಕೆಟ್ ಪಡೆದದ್ದು ಮದರಾಸಿನಲ್ಲಿ. ಅವರ ಸ್ಥಾನಕ್ಕೆ ಜೀವನಪರ್ಯಂತ ಪೈಪೋಟಿ ನೀಡಿದ ಆಟಗಾರನೂ ಮದರಾಸಿನವನೇ. ಹೀಗಾಗಿ ಈ ಊರಿನ ಕನ್ನಡಿಗರು ಪ್ರಸನ್ನರನ್ನು ಅತಿಥಿಯೆಂದು ಭಾವಿಸಬೇಕಾದ ಅಗತ್ಯವಿಲ್ಲ.

ಆ ಮೊದಲ ಪಂದ್ಯವನ್ನು ಭಾರತ 128 ರನ್ನುಗಳಿಂದ ಗೆದ್ದಿತು. ಕಲ್ಕತ್ತೆಯ ಗೆಲುವಿನೊಂದಿಗೆ ಇದೂ ಸೇರಿ ಸರಣಿ 2-0 ಆಯಿತು. ಇಂಗ್ಲೆಂಡಿನ ಮೇಲೆ ಭಾರತ ಸರಣಿ ಗೆದ್ದದ್ದು ಅದೇ ಮೊದಲು. ಪಟೌಡಿಯವರ ಮೊದಲ ಶತಕ, ಸಲೀಂ ದುರಾನಿಯವರ ಹತ್ತು ವಿಕೆಟ್ಟುಗಳು ಆ ಗೆಲುವಿನ ಶೋಭೆಯಾದವು. ಹೊಸ ಹುಡುಗನ ಪಾಲು ಅಲ್ಪವೇ. ಆದರೂ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಆತನ ಆಯ್ಕೆಯಾಯಿತು. ಮನೆಯಲ್ಲಿ ತಂದೆಯವರಿಗೆ ಇದು ಹಿತವೆನಿಸಲಿಲ್ಲ. ಮಗ ಇಂಜಿನಿಯರಾಗಬೇಕೆಂಬುದು ಅವರ ಅಪೇಕ್ಷೆ. ಹಿಂದಿರುಗಿ ಬಂದು ಪದವಿ ಮುಗಿಸುವೆನೆಂಬ ಮಾತಿನ ಮೇಲೆ ಅನುಮತಿ ದೊರೆಯಿತು.

ಆ ಪ್ರವಾಸ ಯಾರ ಪಾಲಿಗೂ ಶುಭಕರವಾಗಲಿಲ್ಲ. ನಾಯಕ ನಾರಿ ಕಂಟ್ರಾಕ್ಟರ್ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತರ ಚೆಂಡು ತಲೆಗೆ ಬಡಿದು ಸಾವಿನ ದವಡೆಯಿಂದ ಪಾರಾದರು. ಸರಣಿಯ ಐದೂ ಟೆಸ್ಟುಗಳನ್ನು ಭಾರತ ಸೋತಿತು. ಪ್ರಸನ್ನ ಕಿಂಗ್‌ಸ್ಟನ್ನಿನ ಒಂದು ಟೆಸ್ಟಿನಲ್ಲಿ ಆಡಿದರು. ತಂದೆಯವರು ತೀರಿಕೊಂಡ ನಂತರ ಸಂಸಾರದ ಹೊಣೆಯೂ ಕೊಟ್ಟ ಮಾತಿನ ಭಾರವೂ ಒಟ್ಟಿಗೆ ಹೆಗಲೇರಿದವು. ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್ ಕಾಲೇಜಿಗೆ ಅವರು ಮರಳಿದರು. ಭಾರತದ ಪರವಾಗಿ ಮುಂದಿನ ಟೆಸ್ಟ್ ಆಡಲು ಸುಮಾರು ಐದು ವರ್ಷಗಳೇ ಬೇಕಾದವು.

ಈಗಿನ ಓದುಗರಿಗೆ ಇದು ವಿಚಿತ್ರವಾಗಿ ತೋರಬಹುದು. ಭಾರತ ತಂಡದ ಟೋಪಿ ತಲೆಯ ಮೇಲಿರುವಾಗ ಕಾಲೇಜಿನ ಪರೀಕ್ಷೆಯೆಂದು ಹೊರಟುಹೋಗುವವರುಂಟೆ? ಆದರೆ ಅಂದಿನ ಕ್ರಿಕೆಟ್ಟು ಹೊಟ್ಟೆ ತುಂಬಿಸುವ ಕಸುಬಾಗಿರಲಿಲ್ಲ. ಹೆಸರಾಂತ ಆಟಗಾರರೂ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಕೆಲಸ ಮಾಡುತ್ತ, ರಜೆ ಪಡೆದು ದೇಶಕ್ಕಾಗಿ ಆಡುತ್ತಿದ್ದರು. ಮಧ್ಯಮವರ್ಗದ ಮನೆಯೊಂದರಲ್ಲಿ ಪದವಿಯೆಂದರೆ ಇಡೀ ಕುಟುಂಬದ ಊಟ. ಹಾಗಾಗಿ ಪ್ರಸನ್ನ ಮಾಡಿದ್ದು ತ್ಯಾಗವೆಂದು ಹೊಗಳುವುದಕ್ಕಿಂತ, ಅಂದಿನ ಮಕ್ಕಳು ಮಾಡುತ್ತಿದ್ದ ಕೆಲಸವನ್ನೇ ಅವರೂ ಮಾಡಿದರೆನ್ನುವುದು ಸರಿ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಮಾತ್ರ ಲೆಕ್ಕ ಹಾಕಿ ನೋಡಬಹುದು. 1962ರ ವೆಸ್ಟ್ ಇಂಡೀಸ್ ಪ್ರವಾಸ ಮುಗಿದಂದಿನಿಂದ 1967ರ ಜನವರಿಯಲ್ಲಿ ಅವರು ಮರಳುವವರೆಗೆ ಭಾರತ ಆಡಿದ ಟೆಸ್ಟುಗಳು ಹದಿನಾಲ್ಕು: ಇಂಗ್ಲೆಂಡಿನೊಡನೆ ಐದು, ಆಸ್ಟ್ರೇಲಿಯಾದೊಡನೆ ಮೂರು, ನ್ಯೂಜಿಲೆಂಡಿನೊಡನೆ ನಾಲ್ಕು, ವೆಸ್ಟ್ ಇಂಡೀಸಿನೊಡನೆ ಎರಡು. ಹದಿನಾಲ್ಕೂ ಭಾರತದ ನೆಲದಲ್ಲಿಯೇ, ಸ್ಪಿನ್ ಬೌಲರುಗಳಿಗೆ ಅನ್ನವಿಕ್ಕುವ ಪಿಚ್ಚುಗಳ ಮೇಲೆ. ತಮ್ಮ ವೃತ್ತಿಜೀವನದಲ್ಲಿ ಪ್ರಸನ್ನ ಟೆಸ್ಟೊಂದಕ್ಕೆ ಸರಾಸರಿ ನಾಲ್ಕಕ್ಕೆ ತುಸು ಕಡಿಮೆ ವಿಕೆಟ್ ಪಡೆದವರು. ಅದೇ ಲೆಕ್ಕದಲ್ಲಿ ಹದಿನಾಲ್ಕು ಪಂದ್ಯಗಳಿಗೆ ಐವತ್ತಕ್ಕೂ ಮಿಕ್ಕಿ ವಿಕೆಟ್ಟುಗಳಾಗುತ್ತವೆ. ಹರೆಯದ ಬೌಲರನಿಗೆ ಅನುಭವಿಯ ಸರಾಸರಿಯನ್ನು ಹಚ್ಚುವುದು ಸಂಪೂರ್ಣ ನ್ಯಾಯವಲ್ಲವೆಂಬುದು ನಿಜ. ಅರ್ಧ ಹಿಡಿದರೂ ನಷ್ಟ ಸಣ್ಣದಲ್ಲ.

ಪ್ರಸನ್ನರಿಲ್ಲದ ಆ ಅವಧಿಯಲ್ಲಿ ಜಾಗವೇನೂ ಖಾಲಿ ಉಳಿಯಲಿಲ್ಲ. 1965ರ ಫೆಬ್ರವರಿ ಕೊನೆಯಲ್ಲಿ ಮದರಾಸಿನಲ್ಲೇ ನ್ಯೂಜಿಲೆಂಡ್ ವಿರುದ್ಧ ಇನ್ನೂ ಇಪ್ಪತ್ತು ತುಂಬದ ಒಬ್ಬ ಆಫ್ ಸ್ಪಿನ್ನರ್ ತನ್ನ ಮೊದಲ ಟೆಸ್ಟ್ ಆಡಿದ. ಆತನೂ ಇಂಜಿನಿಯರಿಂಗ್‌ನವನೇ, ಗಿಂಡಿ ಕಾಲೇಜು. ಅದೇ ಸರಣಿಯಲ್ಲಿ ದೆಹಲಿಯಲ್ಲಿ ಹನ್ನೆರಡು ವಿಕೆಟ್ ಕಿತ್ತು ದೇಶದ ಗಮನ ಸೆಳೆದ. ಶ್ರೀನಿವಾಸರಾಘವನ್ ವೆಂಕಟರಾಘವನ್ ಎಂಬ ಈ ಹೆಸರು ಮುಂದಿನ ಹದಿಮೂರು ವರ್ಷ ಪ್ರಸನ್ನರ ಹೆಸರಿನ ಪಕ್ಕದಲ್ಲಿ, ಕೆಲವೊಮ್ಮೆ ಮೇಲೆ, ಕೆಲವೊಮ್ಮೆ ಕೆಳಗೆ, ಇದ್ದೇ ಇರುತ್ತದೆ. ಆ ವಿಷಯಕ್ಕೆ ಮುಂದೆ ಬರೋಣ.

1967ರ ಜನವರಿಯಲ್ಲಿ ಟೆಸ್ಟ್ ಕ್ರಿಕೆಟ್ಟು ಕಾರ್ಪೊರೇಷನ್ ಕ್ರೀಡಾಂಗಣದಿಂದ ಚೇಪಾಕಿಗೆ ಹಿಂದಿರುಗಿತು. ಪ್ರಸನ್ನರೂ ಅದೇ ಪಂದ್ಯದಲ್ಲಿ ಟೆಸ್ಟಿಗೆ ಹಿಂದಿರುಗಿದರು. ಸೋಬರ್ಸ್ ನಾಯಕತ್ವದ ವೆಸ್ಟ್ ಇಂಡೀಸ್ ಕೊನೆಯ ದಿನ ಏಳು ವಿಕೆಟ್ ಕಳೆದುಕೊಂಡು ಸೋಲಿನ ಅಂಚಿಗೆ ಬಂದಿತ್ತು. ಸೋಬರ್ಸ್ ಮತ್ತು ಗ್ರಿಫಿತ್ ಸೇರಿಕೊಂಡು ಪಂದ್ಯವನ್ನು ಉಳಿಸಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬಾರದಿದ್ದರೂ ಆ ಪಂದ್ಯದಲ್ಲಿ ಬೇಡಿ, ಚಂದ್ರಶೇಖರ್, ಪ್ರಸನ್ನ ಮೂವರೂ ಒಟ್ಟಿಗೆ ಬೌಲ್ ಮಾಡಿದರೆಂಬುದು ಗಮನಾರ್ಹ. ಅದೇ ವರ್ಷ ಇಂಗ್ಲೆಂಡಿನ ಎಜ್‌ಬಾಸ್ಟನ್ನಿನಲ್ಲಿ ವೆಂಕಟ್ ಕೂಡ ಸೇರಿ ನಾಲ್ವರೂ ಒಂದೇ ಟೆಸ್ಟಿನಲ್ಲಿ ಆಡಿದರು. ನಾಲ್ವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯುಳ್ಳ ನಮಗೆ ಆಶ್ಚರ್ಯವಾದೀತು: ನಾಲ್ವರೂ ಒಟ್ಟಾಗಿ ಆಡಿದ ಟೆಸ್ಟ್ ಅದೊಂದೇ.

ಇನ್ನು ಪ್ರಸನ್ನರ ಕಲೆಯ ವಿಚಾರ. ಅವರ ಆಟವನ್ನು ಕಣ್ಣಾರೆ ಕಾಣದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಆಫ್ ಸ್ಪಿನ್ ಎಂದರೆ ಬಲಗೈ ಬೌಲರ್ ತೋರುಬೆರಳಿನಿಂದ ಚೆಂಡನ್ನು ತಿರುಚಿ ಎಸೆಯುವುದು. ಅದು ಬಲಗೈ ದಾಂಡಿಗನ ಹೊರಬದಿಯಲ್ಲಿ ನೆಲಕ್ಕೆ ತಾಗಿ ಒಳಕ್ಕೆ ತಿರುಗುತ್ತದೆ. ಸ್ಪಿನ್ ವಿದ್ಯೆಗಳಲ್ಲಿ ಇದು ಅತ್ಯಂತ ಸರಳವಾದುದೆಂದು ಹೆಸರು. ಒಳಕ್ಕೆ ಬರುವ ಚೆಂಡು ದಾಂಡಿಗನ ಬ್ಯಾಟಿನತ್ತಲೇ ಬರುತ್ತದೆ. ಅದರಲ್ಲಿ ಚಂದ್ರಶೇಖರರ ಗೂಗ್ಲಿಯಂತಹ ಒಗಟಿಲ್ಲ. ಹಾಗಾದರೆ ಒಳ್ಳೆಯ ದಾಂಡಿಗನನ್ನು ಮೋಸಗೊಳಿಸುವುದು ಹೇಗೆ? ಪ್ರಸನ್ನ ಕಂಡುಕೊಂಡ ಉತ್ತರವೆಂದರೆ, ಚೆಂಡು ನೆಲಕ್ಕೆ ಬೀಳುವ ಮುನ್ನವೇ, ಗಾಳಿಯಲ್ಲಿರುವಾಗಲೇ ಮೋಸಗೊಳಿಸುವುದು.

ನಿಧಾನಗತಿಯ ಎಸೆತ ಬೌಲರನ ಕೈಬಿಟ್ಟು ದಾಂಡಿಗನನ್ನು ತಲುಪಲು ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಅಷ್ಟರೊಳಗೆ ದಾಂಡಿಗನು ಚೆಂಡು ಎಲ್ಲಿ ಬೀಳುವುದೆಂದು ಅಂದಾಜು ಮಾಡಿ, ಮುಂದೆ ಹೋಗಬೇಕೆ ಹಿಂದೆ ಸರಿಯಬೇಕೆ ಎಂದು ನಿರ್ಧರಿಸಬೇಕು. ಚೆಂಡು ಆತನ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಚಪ್ಪಟೆಯಾಗಿ ಬಂದರೆ ಈ ಅಂದಾಜು ಸುಲಭ. ಕಣ್ಣಿನ ಮಟ್ಟವನ್ನು ದಾಟಿ ಮೇಲೇರಿ ಇಳಿದರೆ ದೂರದ ಲೆಕ್ಕ ತಪ್ಪುತ್ತದೆ. ಇದರ ಮೇಲೆ ಚೆಂಡು ಮುಮ್ಮುಖವಾಗಿ ಉರುಳುವ ಸುತ್ತನ್ನೂ ಪಡೆದಿದ್ದರೆ, ಅದರ ಮೇಲುಗಡೆಯ ಗಾಳಿಯ ಒತ್ತಡ ಹೆಚ್ಚಾಗಿ, ಇಳಿಯುವ ಹೊತ್ತಿಗೆ ಯಾರೋ ಮೇಲಿಂದ ಅದುಮಿದಂತೆ ಥಟ್ಟನೆ ಕುಸಿಯುತ್ತದೆ. ದಾಂಡಿಗನ ಕಣ್ಣಿಗೆ ಅದು ಕಾಲಬುಡಕ್ಕೆ ಬರುವ, ಹೊಡೆಯಲು ಹದವಾದ ಚೆಂಡು. ಕಾಲು ಮುಂದಿಡುತ್ತಾನೆ, ಬ್ಯಾಟು ಬೀಸುತ್ತಾನೆ. ಚೆಂಡು ಮಾತ್ರ ಅವನೆಣಿಸಿದ ಜಾಗಕ್ಕಿಂತ ಒಂದಡಿ ಹಿಂದೆಯೇ ಬಿದ್ದಿರುತ್ತದೆ. ಅಲ್ಲಿಂದ ತಿರುಗಿ ಬ್ಯಾಟಿಗೂ ಪ್ಯಾಡಿಗೂ ನಡುವಣ ಕಿಂಡಿಯಲ್ಲಿ ನುಸುಳಿದರೆ ಬೌಲ್ಡ್, ಒಳ ಅಂಚಿಗೆ ತಾಗಿ ಪ್ಯಾಡಿಗೆ ಬಡಿದು ಹಾರಿದರೆ ಶಾರ್ಟ್ ಲೆಗ್‌ನಲ್ಲಿ ಕಾದು ನಿಂತ ಏಕನಾಥ ಸೋಲ್ಕರರ ಕೈಗೆ ಕ್ಯಾಚು.

ಇದು ಒಂದು ಎಸೆತದ ಕಥೆ. ಪ್ರಸನ್ನ ಯೋಚಿಸುತ್ತಿದ್ದದ್ದು ಓವರುಗಳ ಲೆಕ್ಕದಲ್ಲಿ. ಒಂದನ್ನು ಹೊಡೆಯಲು ಬಿಡುವರು, ಇನ್ನೊಂದನ್ನೂ ಬಿಡುವರು. ಮೂರನೆಯದು ಕಣ್ಣಿಗೆ ಹಿಂದಿನವುಗಳಂತೆಯೇ ತೋರುತ್ತ ತುಸು ನಿಧಾನವಾಗಿ, ತುಸು ಮೇಲಿನಿಂದ ಬರುವುದು. ನಡುನಡುವೆ ತಿರುಗದೆ ನೇರ ಸಾಗುವ ಒಂದು ಎಸೆತ. ಒಳಕ್ಕೆ ಬರುವುದೆಂದು ನಂಬಿ ಆಡಿದವನ ಹೊರ ಅಂಚನ್ನು ಸವರಿ ಸ್ಲಿಪ್ಪಿಗೆ ಹೋಗುವುದು. ಗಾಳ ಹಾಕಿ ಕುಳಿತವನ ತಾಳ್ಮೆಯದು. ಎಸೆತದ ದಿಕ್ಕು ಹೆಚ್ಚುಕಡಿಮೆಯಾದರೂ ನಡೆದೀತು, ಉದ್ದ ಮಾತ್ರ ತಪ್ಪಕೂಡದು ಎಂಬ ಅರ್ಥದ ಅವರ ಮಾತೊಂದು ಸ್ಪಿನ್ ಕಲಿಯುವ ಮಕ್ಕಳಿಗೆ ಗಾದೆಯಂತೆಯೇ ಆಗಿಹೋಗಿದೆ. ಮೇಲಿನ ವಿವರಣೆಯನ್ನು ಓದಿದವರಿಗೆ ಅದರ ತರ್ಕ ಹೊಳೆಯದಿರದು: ದಾಂಡಿಗನ ಅಂದಾಜನ್ನು ಕೆಡಿಸುವ ಆಟದಲ್ಲಿ ಎಲ್ಲವೂ ನಿಂತಿರುವುದು ಚೆಂಡು ಬೀಳುವ ದೂರದ ಮೇಲೆಯೇ.

ಈ ಬಗೆಯ ಬೌಲಿಂಗಿಗೆ ಎದೆಗಾರಿಕೆ ಬೇಕು. ಮೇಲೆ ತೂರಿದ ಚೆಂಡಿಗೆ ಸಿಕ್ಸರು ಬೀಳುತ್ತದೆ. ನಾಯಕನ ಹುಬ್ಬು ಗಂಟಿಕ್ಕುತ್ತದೆ. ಗ್ಯಾಲರಿಯಲ್ಲಿ ಕೂತವರು ಬುದ್ಧಿ ಹೇಳುತ್ತಾರೆ. ಮತ್ತೆ ಅದೇ ಚೆಂಡನ್ನು ಎಸೆಯಲು ಬೌಲರನಿಗೆ ಧೈರ್ಯವೂ, ಎಸೆಯಲು ಬಿಡಲು ನಾಯಕನಿಗೆ ನಂಬಿಕೆಯೂ ಇರಬೇಕು. ಪಟೌಡಿಯವರಲ್ಲಿ ಆ ನಂಬಿಕೆಯಿತ್ತು. ಅದರ ಫಲ 1967ರ ಡಿಸೆಂಬರಿನಿಂದ 1969ರ ಡಿಸೆಂಬರಿನವರೆಗಿನ ಎರಡು ವರ್ಷಗಳು. ಆಸ್ಟ್ರೇಲಿಯಾದಲ್ಲಿ ನಾಲ್ಕು ಟೆಸ್ಟುಗಳಲ್ಲಿ 25 ವಿಕೆಟ್. ಭಾರತ ನಾಲ್ಕನ್ನೂ ಸೋತಿತೆಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ಅಲ್ಲಿಂದ ನ್ಯೂಜಿಲೆಂಡಿಗೆ ಹೋಗಿ ನಾಲ್ಕು ಟೆಸ್ಟುಗಳಲ್ಲಿ 24. ಡ್ಯುನೆಡಿನ್ನಿನಲ್ಲಿ ಭಾರತ ಮೊಟ್ಟಮೊದಲ ಬಾರಿಗೆ ವಿದೇಶದಲ್ಲಿ ಟೆಸ್ಟ್ ಗೆದ್ದು, ಸರಣಿಯನ್ನು 3-1ರಿಂದ ತನ್ನದಾಗಿಸಿಕೊಂಡದ್ದು ಆ 1968ರ ಪ್ರವಾಸದಲ್ಲಿಯೇ. 1969ರಲ್ಲಿ ಸ್ವದೇಶದಲ್ಲಿ ನ್ಯೂಜಿಲೆಂಡ್ ವಿರುದ್ಧ ಮೂರು ಟೆಸ್ಟುಗಳಲ್ಲಿ 20, ಆಸ್ಟ್ರೇಲಿಯಾ ವಿರುದ್ಧ ಐದರಲ್ಲಿ 26. ಒಟ್ಟು ಹದಿನಾರು ಟೆಸ್ಟುಗಳು, 95 ವಿಕೆಟ್ಟುಗಳು. ನೂರನೆಯ ವಿಕೆಟ್ಟನ್ನು ಅವರು ಪಡೆದದ್ದು ತಮ್ಮ ಇಪ್ಪತ್ತನೆಯ ಟೆಸ್ಟಿನಲ್ಲಿ. ಅಲ್ಲಿಯವರೆಗೆ ಅಷ್ಟು ಬೇಗ ಆ ಗಡಿ ಮುಟ್ಟಿದ ಭಾರತೀಯ ಬೇರೊಬ್ಬನಿರಲಿಲ್ಲ.

ಆ ಓಟದ ಶಿಖರ 1969ರ ಡಿಸೆಂಬರ್ 24ರಂದು ಚೇಪಾಕಿನಲ್ಲಿ ಆರಂಭವಾದ ಟೆಸ್ಟ್. ಬಿಲ್ ಲಾರಿಯವರ ಆಸ್ಟ್ರೇಲಿಯಾ ಸರಣಿಯಲ್ಲಿ 2-1ರಿಂದ ಮುಂದಿತ್ತು. ದೆಹಲಿಯಲ್ಲಿ ಪ್ರಸನ್ನ ಮತ್ತು ಬೇಡಿ ಎರಡನೆಯ ಇನ್ನಿಂಗ್ಸಿನಲ್ಲಿ ಐದೈದು ವಿಕೆಟ್ ಹಂಚಿಕೊಂಡು ಎದುರಾಳಿಯನ್ನು 107ಕ್ಕೆ ಉರುಳಿಸಿದ ಪಂದ್ಯ ಭಾರತದ ಏಕೈಕ ಗೆಲುವು. ಮದರಾಸನ್ನು ಗೆದ್ದರೆ ಸರಣಿ ಸಮ. ಮೊದಲ ಇನ್ನಿಂಗ್ಸಿನಲ್ಲಿ ಡಗ್ ವಾಲ್ಟರ್ಸ್ ಶತಕ ಹೊಡೆದು ಆಸ್ಟ್ರೇಲಿಯಾ 258 ಗಳಿಸಿತು. ವೆಂಕಟ್ ನಾಲ್ಕು, ಪ್ರಸನ್ನ ನಾಲ್ಕು. ಉತ್ತರವಾಗಿ ಭಾರತ 163ಕ್ಕೆ ಕುಸಿಯಿತು. ಆಸ್ಟ್ರೇಲಿಯಾದ ಆಫ್ ಸ್ಪಿನ್ನರ್ ಆ್ಯಶ್ಲಿ ಮ್ಯಾಲೆಟ್ಟರಿಗೆ ಐದು ವಿಕೆಟ್. ಅಲ್ಲಿಗೆ 95 ರನ್ನುಗಳ ಹಿನ್ನಡೆ. ಕಥೆ ಮುಗಿಯಿತೆಂದೇ ಯಾರಾದರೂ ಭಾವಿಸುವ ಸ್ಥಿತಿ.

ಆಗ ಪ್ರಸನ್ನ ಚೆಂಡು ಹಿಡಿದರು. ಆಸ್ಟ್ರೇಲಿಯಾ 24 ರನ್ನಾಗುವಷ್ಟರಲ್ಲಿ ಆರು ವಿಕೆಟ್ ಕಳೆದುಕೊಂಡಿತು. ಅಂದಿನ ಆಸ್ಟ್ರೇಲಿಯಾದ ಬ್ಯಾಟಿಂಗೆಂದರೆ ಲಾರಿ, ಸ್ಟ್ಯಾಕ್‌ಪೋಲ್, ಇಯಾನ್ ಚಾಪೆಲ್, ವಾಲ್ಟರ್ಸ್, ರೆಡ್‌ಪಾತ್. ಇಯಾನ್ ಚಾಪೆಲ್ ಮುಂದೆ ತಾವೆದುರಿಸಿದ ನಿಧಾನಗತಿಯ ಬೌಲರುಗಳಲ್ಲಿ ಪ್ರಸನ್ನರೇ ಶ್ರೇಷ್ಠರೆಂದು ಮತ್ತೆ ಮತ್ತೆ ಹೇಳಿದ್ದಾರೆ. ಸ್ಪಿನ್ ಆಡಲು ಬಾರದವರ ಮಾತಲ್ಲ ಅದು. ಕ್ರೀಸ್ ಬಿಟ್ಟು ಮುಂದೆ ಬಂದು ಆಡುವುದಕ್ಕೆ ಹೆಸರಾದವರ ಮಾತು. ಆದರೆ ರೆಡ್‌ಪಾತ್ ಕಾಲೂರಿ ನಿಂತುಬಿಟ್ಟರು. ಅವರ 63 ರನ್ನುಗಳು ತಂಡವನ್ನು 153ಕ್ಕೆ ಒಯ್ದವು. ಪ್ರಸನ್ನರಿಗೆ 74ಕ್ಕೆ 6. ಪಂದ್ಯದಲ್ಲಿ 174 ರನ್ನಿಗೆ 10.

ಗೆಲ್ಲಲು ಬೇಕಿದ್ದುದು 249. ಅದೇ ಸರಣಿಯಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿ 137 ಹೊಡೆದಿದ್ದ ಗುಂಡಪ್ಪ ವಿಶ್ವನಾಥ್ ಮತ್ತು ವಾಡೇಕರ್ ಅರ್ಧಶತಕ ಗಳಿಸಿ ಆಸೆ ಹುಟ್ಟಿಸಿದರು. ಆ ಜೊತೆಯಾಟ ಮುರಿದ ಮೇಲೆ ಉಳಿದವರು ನಿಲ್ಲಲಿಲ್ಲ; 171ಕ್ಕೆ ಎಲ್ಲ ಮುಗಿದು ಭಾರತ 77 ರನ್ನುಗಳಿಂದ ಸೋತಿತು. ಮ್ಯಾಲೆಟ್ಟರಿಗೂ ಪಂದ್ಯದಲ್ಲಿ ಹತ್ತು ವಿಕೆಟ್. ಇಬ್ಬರು ಆಫ್ ಸ್ಪಿನ್ನರುಗಳು ಒಂದೇ ಪಂದ್ಯದಲ್ಲಿ ತಲಾ ಹತ್ತು ವಿಕೆಟ್ ಪಡೆದರು, ಒಬ್ಬನ ತಂಡ ಮಾತ್ರ ಗೆದ್ದಿತು. ಪ್ರಸನ್ನರ ಶ್ರೇಷ್ಠ ಪಂದ್ಯಗಳಲ್ಲೊಂದು ಸೋಲಿನ ಪಟ್ಟಿಯಲ್ಲಿರುವುದು ನನ್ನ ದೃಷ್ಟಿಯಲ್ಲಿ ಅವರ ಕಾಲದ ಭಾರತ ತಂಡವನ್ನು ಕುರಿತು ಬೇರಾವ ಅಂಕಿಅಂಶಕ್ಕಿಂತಲೂ ಹೆಚ್ಚು ಹೇಳುತ್ತದೆ.

ಈಗ ವೆಂಕಟರಾಘವನ್ ವಿಷಯ. ಚೆನ್ನೈ ಕನ್ನಡಿಗರಲ್ಲಿ ಹಿರಿಯರಾದವರಿಗೆ ಈ ಚರ್ಚೆ ಹೊಸದೇನಲ್ಲ. ಸಂಘದ ಜಗಲಿಯಲ್ಲಿ ಕಾಫಿ ಆರಿದರೂ ಇದು ಆರದು. ಇಬ್ಬರೂ ಆಫ್ ಸ್ಪಿನ್ನರುಗಳಾದರೂ ಮನೋಧರ್ಮ ಬೇರೆ. ವೆಂಕಟ್ ಎತ್ತರದ ಆಳು. ಚೆಂಡು ವೇಗವಾಗಿ, ಚಪ್ಪಟೆಯಾಗಿ, ಗೆರೆ ಎಳೆದಂತೆ ಬರುತ್ತಿತ್ತು. ರನ್ ಬಿಡುತ್ತಿರಲಿಲ್ಲ. ವಿಕೆಟ್ಟಿನ ಸಮೀಪ ಅತ್ಯುತ್ತಮ ಕ್ಷೇತ್ರರಕ್ಷಕ. ಬ್ಯಾಟಿಂಗಿನಲ್ಲಿಯೂ ಕೈ ಓಡುತ್ತಿತ್ತು. ಪ್ರಸನ್ನ ವಿಕೆಟ್ಟನ್ನು ಕೊಳ್ಳಲು ರನ್ನು ಖರ್ಚು ಮಾಡುವವರು. ತಂಡದಲ್ಲಿ ಬೇಡಿ, ಚಂದ್ರ ಇಬ್ಬರಿಗೂ ಜಾಗ ಕೊಟ್ಟ ಮೇಲೆ ಉಳಿಯುತ್ತಿದ್ದದ್ದು ಬಹುಮಟ್ಟಿಗೆ ಒಂದೇ ಸ್ಥಾನ. ಅದಕ್ಕೆ ಇಬ್ಬರು ಅರ್ಹರು.

ಈ ಜಗ್ಗಾಟದಲ್ಲಿ ಅನ್ಯಾಯ ಒಬ್ಬರಿಗೇ ಆಯಿತೆನ್ನಲಾಗದು. 1969ರ ನವೆಂಬರಿನಲ್ಲಿ ಬೊಂಬಾಯಿ ಟೆಸ್ಟಿಗೆ ವೆಂಕಟರನ್ನು ಕೈಬಿಟ್ಟಾಗ ಎಷ್ಟು ಗದ್ದಲವಾಯಿತೆಂದರೆ, ಆಯ್ಕೆಯಾಗಿದ್ದ ಸುಬ್ರತೋ ಗುಹಾ ಹಿಂದೆ ಸರಿದು ಅವರಿಗೆ ಜಾಗ ಮಾಡಿಕೊಡಬೇಕಾಯಿತು. 1971ರಲ್ಲಿ ನಾಯಕತ್ವ ಪಟೌಡಿಯವರಿಂದ ವಾಡೇಕರರಿಗೆ ಹೋದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ವೆಂಕಟ್ ಉಪನಾಯಕರಾದರು. ಅದೇ ವರ್ಷದ ಇಂಗ್ಲೆಂಡ್ ಪ್ರವಾಸದಲ್ಲಿ ಪ್ರಸನ್ನ ಒಂದು ಟೆಸ್ಟನ್ನೂ ಆಡಲಿಲ್ಲ. ಓವಲ್ಲಿನಲ್ಲಿ ಚಂದ್ರಶೇಖರ್ 38ಕ್ಕೆ 6 ವಿಕೆಟ್ ಪಡೆದು ಭಾರತಕ್ಕೆ ಇಂಗ್ಲೆಂಡಿನ ನೆಲದಲ್ಲಿ ಮೊದಲ ಗೆಲುವು ತಂದ ದಿನ, ಎರಡು ವರ್ಷಗಳ ಹಿಂದೆ ಭಾರತದ ಪ್ರಧಾನ ಅಸ್ತ್ರವಾಗಿದ್ದ ಬೌಲರ್ ಅಂಗಳದ ಹೊರಗಿದ್ದರು. ಇನ್ನು 1974ರ ಡಿಸೆಂಬರಿನಲ್ಲಿ ಪಟೌಡಿ ಗಾಯಗೊಂಡದ್ದರಿಂದ ದೆಹಲಿ ಟೆಸ್ಟಿಗೆ ವೆಂಕಟ್ ನಾಯಕರಾದರು. ಅದರ ಮುಂದಿನ ಕಲ್ಕತ್ತೆ ಟೆಸ್ಟಿನಲ್ಲಿ ಅವರೇ ಹನ್ನೆರಡನೆಯ ಆಟಗಾರ! ನಾಯಕನನ್ನು ನೀರು ಕೊಡುವವನನ್ನಾಗಿಸಿದ ಇಂತಹ ಆಯ್ಕೆ ಮಂಡಳಿಗಳ ಲೀಲೆಯನ್ನು ವಿವರಿಸಲು ನನ್ನಿಂದಾಗದು. ಲೆಕ್ಕ ಕೇಳುವವರಿಗೆ ಹೇಳುವುದಾದರೆ, ಪ್ರಸನ್ನರದು 49 ಟೆಸ್ಟುಗಳಲ್ಲಿ 189 ವಿಕೆಟ್, ವೆಂಕಟರದು 57ರಲ್ಲಿ 156. ಟೆಸ್ಟ್ ಗೆಲ್ಲಲು ಇಪ್ಪತ್ತು ವಿಕೆಟ್ ಬೇಕು. ಆ ಕಾರಣಕ್ಕೆ ನನ್ನ ಮತ ಪ್ರಸನ್ನರ ಕಡೆಗೆ. ವೆಂಕಟ್ ಮುಂದೆ ಅಂಪೈರ್ ಆಗಿ 73 ಟೆಸ್ಟುಗಳಲ್ಲಿ ನಿಂತು, ಆಟಗಾರನಾಗಿ ಗಳಿಸಿದ್ದಕ್ಕೆ ಸಮನಾದ ಗೌರವವನ್ನು ಮತ್ತೊಮ್ಮೆ ಗಳಿಸಿದರೆಂಬುದನ್ನೂ ಹೇಳಲೇಬೇಕು.

ಭಾರತ ತಂಡದಲ್ಲಿ ಹೀಗೆ ಒಳಗೂ ಹೊರಗೂ ಆಗುತ್ತಿದ್ದ ಕಾಲದಲ್ಲಿಯೇ ಪ್ರಸನ್ನರಿಗೆ ಊರಿನ ತಂಡದ ನಾಯಕತ್ವ ದಕ್ಕಿತ್ತು. ರಣಜಿ ಟ್ರೋಫಿಯನ್ನು ಬೊಂಬಾಯಿ ಸತತವಾಗಿ ಹದಿನೈದು ವರ್ಷ ತನ್ನಲ್ಲೇ ಇಟ್ಟುಕೊಂಡಿತ್ತು. ಹದಿನೈದನೆಯದನ್ನು ಗೆದ್ದದ್ದು ಚೇಪಾಕಿನಲ್ಲಿ, ವೆಂಕಟರ ತಮಿಳುನಾಡಿನ ಮೇಲೆ. ಚೆಂಡು ಬುಗುರಿಯಂತೆ ತಿರುಗುತ್ತಿದ್ದ ಆ ಪಿಚ್ಚಿನಲ್ಲಿ ಪದ್ಮಾಕರ ಶಿವಾಳ್ಕರ್ ಹದಿಮೂರು ವಿಕೆಟ್ ಪಡೆದು, ಮೂರನೆಯ ದಿನದ ಮೊದಲ ಚೆಂಡಿಗೇ ಫೈನಲ್ ಮುಗಿದುಹೋಗಿತ್ತು. ಮರುವರ್ಷ, 1973-74ರಲ್ಲಿ, ಬೊಂಬಾಯಿ ಸೆಮಿಫೈನಲ್ಲಿಗೆ ಬೆಂಗಳೂರಿಗೆ ಬಂತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು. ಮೊದಲ ಇನ್ನಿಂಗ್ಸ್ ಮುನ್ನಡೆಯ ಮೇಲೆ ಗೆದ್ದು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಶಸ್ತಿಯನ್ನು ಮನೆಗೆ ತಂದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂದು ಮರುನಾಮಕರಣಗೊಂಡಿತ್ತು. ಅಂದರೆ ಹೊಸ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲಿಯೇ ಮೊದಲ ರಣಜಿ! 1977-78ರಲ್ಲಿ ಅವರ ನಾಯಕತ್ವದಲ್ಲಿಯೇ ಎರಡನೆಯದೂ ಬಂತು.

ಮತ್ತೆ ಚೇಪಾಕಿಗೆ ಬರೋಣ. 1975ರ ಜನವರಿ 11. ಕ್ಲೈವ್ ಲಾಯ್ಡ್ ತಂಡ ಬೆಂಗಳೂರು, ದೆಹಲಿಗಳಲ್ಲಿ ಗೆದ್ದು, ಕಲ್ಕತ್ತೆಯಲ್ಲಿ ಸೋತು ಮದರಾಸಿಗೆ ಬಂದಿತ್ತು. ಈ ಪಂದ್ಯವೆಂದೊಡನೆ ಎಲ್ಲರೂ ವಿಶ್ವನಾಥರ ಅಜೇಯ 97ನ್ನು ಸ್ಮರಿಸುತ್ತಾರೆ. ಅದು ನ್ಯಾಯವೇ. ಆ್ಯಂಡಿ ರಾಬರ್ಟ್ಸ್ 64ಕ್ಕೆ 7 ವಿಕೆಟ್ ಕೀಳುತ್ತಿದ್ದಾಗ, ಎಂಟು ವಿಕೆಟ್ಟಿಗೆ 117 ಆಗಿದ್ದ ತಂಡವನ್ನು ಬೇಡಿ ಮತ್ತು ಚಂದ್ರಶೇಖರರನ್ನು ಕಟ್ಟಿಕೊಂಡು 190ಕ್ಕೆ ಒಯ್ದ ಆ ಇನ್ನಿಂಗ್ಸು ಶತಕವಾಗದೆ ಉಳಿದೇ ಅಮರವಾಯಿತು. ಆದರೆ 190 ಗೆಲ್ಲುವ ಮೊತ್ತವಲ್ಲ. ಅದನ್ನು ಗೆಲ್ಲುವ ಮೊತ್ತವಾಗಿಸಿದವರು ಪ್ರಸನ್ನ. ವೆಸ್ಟ್ ಇಂಡೀಸನ್ನು 192ಕ್ಕೆ ಕಟ್ಟಿಹಾಕುವಾಗ ಅವರಿಗೆ 70ಕ್ಕೆ 5. ಎರಡನೆಯ ಬಾರಿಗೆ ಅಂಶುಮಾನ್ ಗಾಯಕವಾಡರ 80ರ ನೆರವಿನಿಂದ ಭಾರತ 256 ಗಳಿಸಿದ ಮೇಲೆ, ಪ್ರಸನ್ನ 41ಕ್ಕೆ 4 ಪಡೆದು ಎದುರಾಳಿಯನ್ನು 154ಕ್ಕೆ ಮುಗಿಸಿದರು. ಫ್ರೆಡ್ರಿಕ್ಸ್, ಗ್ರೀನಿಜ್, ರಿಚರ್ಡ್ಸ್, ಕಾಳಿಚರಣ್, ಲಾಯ್ಡರ ತಂಡ ಅದು. ಒಂಬತ್ತು ವಿಕೆಟ್ಟುಗಳು, ನೂರು ರನ್ನಿನ ಜಯ, ಸರಣಿ 2-2. ಐದು ವರ್ಷ ಹಿಂದಿನ ಸಾಲವನ್ನು ಅದೇ ಅಂಗಳದಲ್ಲಿ ಬಡ್ಡಿಸಮೇತ ತೀರಿಸಿದಂತಾಯಿತು. ಒಬ್ಬರು ಭದ್ರಾವತಿಯವರು, ಇನ್ನೊಬ್ಬರು ಬೆಂಗಳೂರಿನವರು. ಇಬ್ಬರು ಕನ್ನಡಿಗರು ಸೇರಿ ಗೆಲ್ಲಿಸಿಕೊಟ್ಟ ಈ ಪಂದ್ಯವನ್ನು ಮದರಾಸಿನ ಕ್ರಿಕೆಟ್ ರಸಿಕರು ತಮ್ಮದೇ ಎಂಬಂತೆ ಕಾಪಾಡಿಕೊಂಡು ಬಂದಿದ್ದಾರೆ. ಬೇರೆ ವಿಷಯಗಳಲ್ಲಿ ಎರಡು ರಾಜ್ಯಗಳ ನಡುವೆ ಏನೇ ಇರಲಿ, ಒಳ್ಳೆಯ ಆಟಕ್ಕೆ ಚಪ್ಪಾಳೆ ತಟ್ಟುವಾಗ ಚೇಪಾಕ್ ಜಿಪುಣತನ ತೋರಿದ್ದಿಲ್ಲ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ, ಗಾವಸ್ಕರ್ ಮೊದಲ ಬಾರಿಗೆ ನಾಯಕರಾಗಿದ್ದ ಟೆಸ್ಟಿನಲ್ಲಿ, ಪ್ರಸನ್ನ ನ್ಯೂಜಿಲೆಂಡಿನ ಎರಡನೆಯ ಇನ್ನಿಂಗ್ಸಿನಲ್ಲಿ 76 ರನ್ನಿಗೆ 8 ವಿಕೆಟ್ ಪಡೆದರು. ಪಂದ್ಯದಲ್ಲಿ ಹನ್ನೊಂದು. ಅದು ಅವರ ಟೆಸ್ಟ್ ಜೀವನದ ಅತ್ಯುತ್ತಮ ಸಾಧನೆ. ಆಗ ವಯಸ್ಸು ಮೂವತ್ತೈದು. 1977ರಲ್ಲಿ ಅವರ ಆತ್ಮಕಥೆ ‘ಒನ್ ಮೋರ್ ಓವರ್’ ಹೊರಬಂತು. 1978ರಲ್ಲಿ ಪಾಕಿಸ್ತಾನ ಪ್ರವಾಸದಲ್ಲಿ ಜಹೀರ್ ಅಬ್ಬಾಸ್ ಮತ್ತು ಜಾವೆದ್ ಮಿಯಾಂದಾದ್ ಭಾರತದ ಸ್ಪಿನ್ ಬಳಗವನ್ನು ಚಿಂದಿ ಮಾಡಿದರು. ಲಾಹೋರಿನ ಟೆಸ್ಟೇ ಪ್ರಸನ್ನರ ಕೊನೆಯ ಟೆಸ್ಟ್. ಹದಿನಾರು ವರ್ಷಗಳ ಅವಧಿಯಲ್ಲಿ ಆಡಿದ್ದು 49 ಪಂದ್ಯಗಳು, ಸರಾಸರಿ 30.38. ಪ್ರಥಮದರ್ಜೆಯ ಕ್ರಿಕೆಟ್ಟಿನಲ್ಲಿ 957 ವಿಕೆಟ್, ಸರಾಸರಿ 23.45. ನಾಲ್ವರು ಸ್ಪಿನ್ನರುಗಳ ಒಟ್ಟು ಲೆಕ್ಕ 853 ಟೆಸ್ಟ್ ವಿಕೆಟ್ಟುಗಳು. ಅದರಲ್ಲಿ ಅರ್ಧಕ್ಕೂ ಹೆಚ್ಚು, 431, ಕರ್ನಾಟಕದ ಇಬ್ಬರದು. 1985ರಲ್ಲಿ ಆಸ್ಟ್ರೇಲಿಯಾದಲ್ಲಿ ಗಾವಸ್ಕರ್ ನಾಯಕತ್ವದ ತಂಡ ವಿಶ್ವ ಚಾಂಪಿಯನ್‌ಷಿಪ್ ಗೆದ್ದಾಗ ಪ್ರಸನ್ನ ಆ ತಂಡದ ವ್ಯವಸ್ಥಾಪಕರಾಗಿದ್ದರು.

ಇಪ್ಪತ್ತು ಟೆಸ್ಟುಗಳಲ್ಲಿ ನೂರು ವಿಕೆಟ್ಟೆಂಬ ಭಾರತೀಯ ದಾಖಲೆ ನಾಲ್ಕು ದಶಕಗಳಿಗೂ ಮೀರಿ ಉಳಿಯಿತು. ಬೇಡಿ, ಚಂದ್ರ, ಕಪಿಲ್, ಕುಂಬ್ಳೆ, ಹರಭಜನ್ ಯಾರಿಗೂ ಅದು ಜಗ್ಗಲಿಲ್ಲ. ಕೊನೆಗೆ 2013ರ ನವೆಂಬರಿನಲ್ಲಿ ಕಲ್ಕತ್ತೆಯ ಈಡನ್ ಉದ್ಯಾನದಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ, ತನ್ನ ಹದಿನೆಂಟನೆಯ ಟೆಸ್ಟಿನಲ್ಲಿ ಅದನ್ನು ಮುರಿದವನು ಮತ್ತೊಬ್ಬ ಆಫ್ ಸ್ಪಿನ್ನರ್, ಮತ್ತೊಬ್ಬ ಇಂಜಿನಿಯರಿಂಗ್ ಪದವೀಧರ. ರವಿಚಂದ್ರನ್ ಅಶ್ವಿನ್, ಊರು ಚೆನ್ನೈ, ಬಡಾವಣೆ ಪಶ್ಚಿಮ ಮಾಂಬಲಂ.